ಪೆನಾಂಗಿನ ಹಿತ್ತಲಲ್ಲಿ ಗಾಳಿ ಮತ್ತು ನೀರು

ಹೊರಡುವ ಮೊದಲು

ಊರು ನೋಡಲೆಂದು ನಾನು ಮಲೇಷ್ಯಾಕ್ಕೆ ಹೋದವಳಲ್ಲ. ತಂಗಿಯನ್ನು ಮನೆಗೆ ಕರೆದುಕೊಂಡು ಬರಲು ಹೋದವಳು. ಬಬಲೇಶ್ವರದ ನಮ್ಮ ಓಣಿಯ ಹೆಂಗಸರು ಈಗಲೂ ಕೇಳುತ್ತಾರೆ, "ಜೈಬುನ್ನಿಸಾ ಟೀಚರ್, ಪರದೇಶದಾಗ ಏನೇನ್ ನೋಡಿ ಬಂದ್ರಿ?" ಎಂದು. ಸಮುದ್ರವಿತ್ತು, ಅದರ ಮೇಲೆ ಉದ್ದನೆಯ ಸೇತುವೆಯಿತ್ತು, ಗುಡ್ಡ ಹತ್ತುವ ರೈಲಿತ್ತು. ಆದರೆ ನಾನು ದಿನವೂ ನೋಡಿದ್ದು ಒಂದು ಹಿತ್ತಲನ್ನು. ಅದರ ಬಗ್ಗೆಯೇ ಬರೆಯುತ್ತೇನೆ.

ಮುಮ್ತಾಜ್ ನನಗಿಂತ ಬಹಳ ಚಿಕ್ಕವಳು. ಘೋಣಸಗಿಯ ತೋಟದ ಮನೆಯಲ್ಲಿ ಅವಳ ತಲೆ ಬಾಚಿದವಳು ನಾನು. ತಿಕೋಟಾದಲ್ಲಿ ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಅವಳೂ ಕಲಿತಳು. ಅವಳ ಗಂಡ ರಫೀಕ್‌ಗೆ ಒಣದ್ರಾಕ್ಷಿಯ ವ್ಯಾಪಾರ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯಿಂದ ಮಾಲು ತರಿಸುತ್ತಿದ್ದ ಪೆನಾಂಗಿನ ವ್ಯಾಪಾರಿಯೊಬ್ಬರು ಅವನನ್ನು ತಮ್ಮ ಅಂಗಡಿಗೇ ಕರೆಸಿಕೊಂಡರು. ಗಂಡ ಹೆಂಡತಿ ಅಲ್ಲಿಯೇ ನೆಲೆಯಾದರು. ಮಕ್ಕಳಾಗಲಿಲ್ಲ. ಅದೊಂದು ಕೊರತೆ ಬಿಟ್ಟರೆ ಇಬ್ಬರೂ ಸುಖವಾಗಿದ್ದರು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮಾಲು ನೋಡುತ್ತ ನಿಂತಿದ್ದ ರಫೀಕ್ ಕುಸಿದು ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅವನನ್ನು ಆ ಊರಿನಲ್ಲೇ ಮಣ್ಣು ಮಾಡಿದರು.

ಗಂಡ ತೀರಿಕೊಂಡ ಹೆಂಗಸು ಕೆಲವು ತಿಂಗಳು ಮನೆ ಬಿಟ್ಟು ಹೊರಗೆ ಹೋಗದೆ ಇದ್ದತ್ ಪಾಲಿಸುವುದು ನಮ್ಮಲ್ಲಿಯ ನಿಯಮ. ಮುಮ್ತಾಜ್ ಅದನ್ನು ತಪ್ಪದೆ ಪಾಲಿಸಿದಳು. ಇದ್ದತ್ ಮುಗಿಯಿತು. ಆದರೂ ಅವಳು ಹೊರಗೆ ಬರಲಿಲ್ಲ. ಫೋನಿನಲ್ಲಿ ಅವಳ ಮಾತು ದಿನದಿನಕ್ಕೆ ಸಣ್ಣದಾಗುತ್ತ ಹೋಗಿ, ಕೊನೆಗೆ "ಹೂಂ, ಆರಾಮ ಅದೀನಿ" ಎಂಬಲ್ಲಿಗೆ ನಿಂತಿತು.

ನಮ್ಮಣ್ಣ ದಸ್ತಗೀರ್ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಪಂಪಿನ ಮೋಟಾರು ದುರಸ್ತಿ ಮಾಡುತ್ತಾನೆ. ಗೋಳಗುಮ್ಮಟದ ಹಿಂದಿನ ಅವನ ಮನೆಯಲ್ಲಿ ಒಂದು ಖೋಲಿ ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಹೊಸ ಮಂಚ ಹಾಕಿಸಿ ನನ್ನನ್ನು ಕರೆಸಿದ.

"ನೀನ ಹೋಗಿ ಕರಕೊಂಡ ಬಾ, ಜೈಬು. ಫೋನಿನ್ಯಾಗ ಕರದ್ರ ಬರವಳಲ್ಲ ಆಕಿ. ನಿನ್ನ ಮಾತ ತಗದಹಾಕೂದಿಲ್ಲ" ಅಂದ.

ಮೆಕ್ಕಾದ ಉಮ್ರಾ ಯಾತ್ರೆಗೆಂದು ಮಾಡಿಸಿದ್ದ ಪಾಸ್‌ಪೋರ್ಟ್ ನನ್ನ ಹತ್ತಿರ ಇತ್ತು. ಹೊರಟೆ.

ಜಾರ್ಜ್‌ಟೌನ್

ಪೆನಾಂಗಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ತೆಗೆಸಿದರು. ಕಡಕ್ ರೊಟ್ಟಿಯ ಗಂಟು ದಾರಿಯಲ್ಲಿ ಚೂರುಚೂರಾಗಿತ್ತು. ಅಧಿಕಾರಿಯೊಬ್ಬಳು ಒಂದು ಚೂರು ಬೆಳಕಿಗೆ ಹಿಡಿದು, ಇದೇನು ಎಂದು ಕೇಳಿದಳು. ಶಾಲೆಯಲ್ಲಿ ಕಲಿಸುತ್ತಿದ್ದ ಇಂಗ್ಲಿಷಿನಲ್ಲಿ, "ರೊಟ್ಟಿ, ನನ್ನ ತಂಗಿಗೆ" ಎಂದೆ. ಅವರ ಭಾಷೆಯಲ್ಲೂ ರೊಟ್ಟಿಗೆ ರೋಟಿ ಎನ್ನುತ್ತಾರಂತೆ. ಅವಳು ಮುಖ ಅರಳಿಸಿ ಗಂಟನ್ನು ತಾನೇ ಕಟ್ಟಿಕೊಟ್ಟಳು.

ಮುಮ್ತಾಜ್ ಇದ್ದದ್ದು ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ಊರಿನ ಹಳೆಯ ಭಾಗದಲ್ಲಿ, ಗೋಡೆಗೆ ಗೋಡೆ ಹತ್ತಿಕೊಂಡ ಮನೆಗಳ ಸಾಲಿನಲ್ಲಿ. ಬೀದಿಯಿಂದ ನೋಡಿದರೆ ಮನೆ ಒಂದು ಬಾಗಿಲಿನಷ್ಟೇ ಅಗಲ. ಒಳಗೆ ಹೋದರೆ ಮುಗಿಯುವುದೇ ಇಲ್ಲ. ಖೋಲಿಯ ಹಿಂದೆ ಖೋಲಿ, ನಡುವೆ ಆಕಾಶ ಕಾಣುವ ಸಣ್ಣ ಚೌಕ, ಕೊನೆಗೆ ಹಿತ್ತಲು. ಕೆಳಗೆ ಮನೆಯ ಒಡತಿ ಮೇಡಂ ಲಿಮ್ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ಚೀನೀ ಹೆಂಗಸು, ಮದುವೆಯಾದವರಲ್ಲ. ಮೇಲಿನ ಎರಡು ಖೋಲಿ ಮುಮ್ತಾಜಳವು.

ತಂಗಿ ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ಬೀದಿ ಬಾಗಿಲಿಗೆ ಬಂದರೂ ಇಳಿಯಲಿಲ್ಲ. ನಾನೇ ಹತ್ತಿ ಹೋಗಿ ಹಿಡಿದುಕೊಂಡೆ. ಕೈಗೆ ಎಲುಬು ಹತ್ತಿದವು.

"ಆಪಾ, ಇಷ್ಟ ದೂರ ಯಾಕ ಬಂದಿ?" ಎಂದಳು.

ಏಕೆ ಬಂದೆನೆಂದು ಅವಳಿಗೆ ಗೊತ್ತಿತ್ತು. ರೊಟ್ಟಿಯ ಗಂಟನ್ನು ಅವಳ ಕೈಗೆ ಕೊಟ್ಟೆ. ಅವಳ ಮಲಗುವ ಖೋಲಿಯಲ್ಲಿ ಹಿತ್ತಲ ಕಡೆಗೆ ದೊಡ್ಡ ಕಿಟಕಿಯಿತ್ತು. ಅದಕ್ಕೆ ದಪ್ಪ ಪರದೆ ಎಳೆದು ಕೆಳಗೆ ಪಿನ್ನು ಚುಚ್ಚಿದ್ದಳು. ಹಗಲಿನಲ್ಲೂ ದೀಪ ಬೇಕಿತ್ತು. ಗಾಳಿಯಿಲ್ಲದ ಆ ಖೋಲಿಯಲ್ಲಿ ರಫೀಕನ ಅಂಗಿಗಳು ಇನ್ನೂ ಗೋಡೆಯ ಮೊಳೆಗೇ ತೂಗುತ್ತಿದ್ದವು.

ಹಿತ್ತಲು

ಮರುದಿನ ಬಟ್ಟೆ ಒಣಗಿಸಲು ನಾನೊಬ್ಬಳೇ ಕೆಳಗಿಳಿದೆ. ಹಿತ್ತಲಲ್ಲಿ ಕುರ್ಚಿಗಳಿದ್ದವು. ಒಂದರ ಬೆನ್ನಿಗೆ ಒದ್ದೆ ಸೀರೆ ಹಾಕಿ, ಇನ್ನೊಂದನ್ನು ನೆರಳಿಗೆ ಎಳೆದುಕೊಂಡು ಕುಳಿತೆ. ಮೇಡಂ ಲಿಮ್ ಅಡುಗೆಮನೆಯಿಂದ ಬಂದವರೇ ಸೀರೆ ತೆಗೆದು ನನ್ನ ಮಡಿಲಿಗೆ ಹಾಕಿದರು. ಆಮೇಲೆ ಕುರ್ಚಿಯ ತೋಳು ಹಿಡಿದು, ನನ್ನ ಸಮೇತ ಅದನ್ನು ತಿರುಗಿಸಿದರು. ಅಷ್ಟು ಸಣ್ಣ ದೇಹದಲ್ಲಿ ಅಷ್ಟು ಬಲ ಹೇಗಿತ್ತೋ. ನನ್ನ ಬೆನ್ನು ಗೋಡೆಗೆ ಬಂತು, ಮುಖ ಹಿತ್ತಲ ಬಾಗಿಲಿಗೆ ಬಂತು.

"ಬಾಗಿಲಿಗೆ ಬೆನ್ನು ಹಾಕಿ ಕುಳಿತವರಿಗೆ ನೆಮ್ಮದಿ ಇರುವುದಿಲ್ಲ" ಎಂದರು. ಅವರ ಇಂಗ್ಲಿಷು ತುಂಡುತುಂಡು, ನನ್ನದೂ ಹಾಗೆಯೇ. ಹಾಗಾಗಿ ನಮಗಿಬ್ಬರಿಗೂ ಅರ್ಥವಾಗುತ್ತಿತ್ತು.

ಫೆಂಗ್ ಶುಯಿ ಎಂಬ ಹೆಸರನ್ನು ನಾನು ಕೇಳಿದ್ದೆ. ವಿಜಯಪುರದ ಅಂಗಡಿಗಳಲ್ಲಿ ಹೊಟ್ಟೆ ದಪ್ಪದ ನಗುವ ಗೊಂಬೆಯನ್ನೂ, ಬಾಯಲ್ಲಿ ನಾಣ್ಯ ಕಚ್ಚಿದ ಕಪ್ಪೆಯನ್ನೂ ಆ ಹೆಸರಿನಲ್ಲಿ ಮಾರುತ್ತಾರೆ. ಮೇಡಂ ಲಿಮ್ ಹಿತ್ತಲಲ್ಲಿ ಗೊಂಬೆಯೂ ಇರಲಿಲ್ಲ, ಕಪ್ಪೆಯೂ ಇರಲಿಲ್ಲ. ಆ ಮಾತಿನ ಅರ್ಥ ಗಾಳಿ ಮತ್ತು ನೀರು, ಅಷ್ಟೇ ಎಂದರು. ಹೊರಗಿನ ಜಾಗಕ್ಕೂ ಉಸಿರಿದೆ, ಅದು ಒಳಗೆ ಬರಬೇಕು, ಸ್ವಲ್ಪ ಹೊತ್ತು ನಿಲ್ಲಬೇಕು, ಹೋಗಬೇಕು. ಎಲ್ಲಿಯೂ ಸಿಕ್ಕಿಕೊಂಡು ಕೊಳೆಯಬಾರದು. ಅದಕ್ಕೇ ಬಾಗಿಲಿನಿಂದ ಬರುವ ಕಾಲುದಾರಿ ನೆಟ್ಟಗಿರದೆ ಕುಂಡಗಳ ನಡುವೆ ಮೆಲ್ಲಗೆ ಬಾಗಿ ಬರುತ್ತಿತ್ತು. ಮುಳ್ಳಿನ ಗಿಡ ದಾರಿಯ ಬದಿಗೆ ಇರಲಿಲ್ಲ. ಕಲ್ಲಿನ ಬೋಗುಣಿಯಲ್ಲಿ ನೀರು ಸದಾ ಉಕ್ಕಿ ಮನೆಯ ಕಡೆಗೇ ಬೀಳುತ್ತಿತ್ತು. ಪಶ್ಚಿಮದ ಗೋಡೆಗೆ ಗಾಳಿಗೆ ನಾದ ಮಾಡುವ ಕಂಚಿನ ಕೊಳವೆಗಳ ಗೊಂಚಲು ತೂಗಿಬಿಟ್ಟಿದ್ದರು. ಒಣಗಿದ ಎಲೆ, ಬಿರುಕು ಬಿಟ್ಟ ಕುಂಡ ಕಣ್ಣಿಗೆ ಬಿದ್ದ ಗಳಿಗೆಯೇ ಹೊರಗೆ ಹೋಗಬೇಕು.

ನನಗೆ ನಮ್ಮ ಊರಿನ ವರ್ಷ ನೆನಪಾಗಿ, ಅದನ್ನು ಅವರಿಗೆ ಹೇಳಿದೆ. ನಮ್ಮಲ್ಲಿ ಹೊರಗಿನ ಜಾಗವನ್ನು ಬಿಸಿಲೇ ನಡೆಸುತ್ತದೆ. ಬೇಸಿಗೆಯಲ್ಲಿ ಹಾಸಿಗೆ ಮಾಳಿಗೆ ಏರುತ್ತದೆ. ಚಳಿಗಾಲದ ಮುಂಜಾನೆ ಎಲ್ಲರೂ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಾರೆ. ಸುಗ್ಗಿಯಲ್ಲಿ ಅಂಗಳ ಕಾಳುಕಡಿಯದು. ಯಾರೂ ಹೇಳಿಕೊಡಬೇಕಿಲ್ಲ, ಜಾಗ ತಾನಾಗಿಯೇ ಕೈ ಬದಲಿಸುತ್ತದೆ.

"ನಮ್ಮಲ್ಲಿ ಹಾಗಿಲ್ಲ. ಇಲ್ಲಿ ವರ್ಷವೆಲ್ಲ ಒಂದೇ ಹಸಿರು, ಒಂದೇ ಸೆಖೆ. ಋತು ನೆನಪಿಸುವುದಿಲ್ಲ ಅಂದಮೇಲೆ ಮನುಷ್ಯರು ಹಿತ್ತಲನ್ನು ಮರೆಯುತ್ತಾರೆ. ಅದು ಸತ್ತದ್ದೂ ಗೊತ್ತಾಗುವುದಿಲ್ಲ" ಎಂದರು ಮೇಡಂ ಲಿಮ್. ಹಾಗಾಗಿ ಅವರು ತಮ್ಮದೇ ಋತುಗಳನ್ನು ಮಾಡಿಕೊಂಡಿದ್ದರು. ಒಣ ಗಾಳಿಯ ತಿಂಗಳುಗಳಲ್ಲಿ ಬೋಗುಣಿಗಳು ಹೆಚ್ಚುತ್ತವೆ. ಅವರ ಹೊಸವರ್ಷಕ್ಕೆ ಮೊದಲು ಕುಂಡಗಳಿಗೆಲ್ಲ ಬಣ್ಣವಾಗುತ್ತದೆ. ಮಳೆಗಾಲದ ಮಬ್ಬಿನಲ್ಲಿ ಕತ್ತಲ ಮೂಲೆಗೆ ಕೆಂಪು ದೀಪ ಬರುತ್ತದೆ. ಬಿಸಿಲು ಸರಿದಂತೆ ಕುರ್ಚಿಗಳು ಸರಿಯುತ್ತವೆ. ನಾನು ಹೋದದ್ದು ಮಳೆಯ ದಿನಗಳಲ್ಲಿ. ದೀಪ ಆಗಲೇ ಉರಿಯುತ್ತಿತ್ತು.

ಇಷ್ಟೆಲ್ಲ ಅಚ್ಚುಕಟ್ಟಿನ ನಡುವೆ ಕಾಲುದಾರಿಗೆ ಅಡ್ಡಲಾಗಿ ಒಂದು ಸ್ಕೂಟರ್ ನಿಂತಿತ್ತು. ಅದರ ಮೇಲೆ ನೀಲಿ ತಾಡಪತ್ರಿ. ಗಾಲಿಗಳ ಸುತ್ತ ಎಲೆ ಕೊಳೆತು ಮಣ್ಣಾಗಿತ್ತು. ಅದು ರಫೀಕನದೆಂದು ಯಾರೂ ಹೇಳಬೇಕಿರಲಿಲ್ಲ.

ಜಗಳ

ಮೇಡಂ ಲಿಮ್ ಬಹಳ ಒಳ್ಳೆಯವರು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಹಟದ ಹೆಂಗಸು. ಒಂದು ಸಂಜೆ ಮೇಲೆ ಬಂದು, ಬಾಗಿಲಲ್ಲೇ ನಿಂತು, ಮುಮ್ತಾಜಳಿಗೆ ನೇರವಾಗಿ ಹೇಳಿದರು. ಮುಚ್ಚಿದ ಕಿಟಕಿಯಿಂದ ಮನೆಯ ಉಸಿರು ಕಟ್ಟುತ್ತಿದೆ, ಸ್ಕೂಟರ್ ಹಿತ್ತಲಿನ ಬಾಯಿಗೆ ಅಡ್ಡ ನಿಂತಿದೆ, ಅದರ ಕೆಳಗೇ ಗಟಾರದ ಬಾಯಿದೆ, ಓಡದ ಗಾಡಿ ಸತ್ತ ವಸ್ತು, ಸತ್ತ ವಸ್ತುವನ್ನು ದಾರಿಯಲ್ಲಿ ಇಡಬಾರದು ಎಂದರು.

ನನಗೆ ಸಿಟ್ಟು ಬಂತು. ಒಬ್ಬ ಹೆಂಗಸಿನ ದುಃಖವನ್ನು ಹಿತ್ತಲಿನ ಕಸದೊಂದಿಗೆ ಲೆಕ್ಕ ಹಾಕುವುದೇ? ಆದರೆ ನಾನು ಬಾಯಿ ತೆರೆಯುವ ಮೊದಲೇ ಮುಮ್ತಾಜ್ ಎದ್ದು ನಿಂತಳು. ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಲಯ ಭಾಷೆಯಲ್ಲಿ ಏನೇನೋ ಅಂದಳು. ಮೇಡಂ ಲಿಮ್ ಅಷ್ಟೇ ಜೋರಾಗಿ ತಿರುಗಿ ಅಂದರು. ಕೊನೆಗೆ ಮುದುಕಿ ದಡದಡ ಮೆಟ್ಟಿಲಿಳಿದು ಹೋದರು.

"ಏನಂದಿ?" ಎಂದೆ.

"ಗಾಡಿ ಮುಟ್ಟಿದ್ರ ನಾ ಈ ಮನಿ ಬಿಟ್ಟ ಹೋಗ್ತೇನಿ ಅಂದೆ."

ಇದೇ ಸಮಯವೆಂದು ನನಗನಿಸಿತು. "ಬಿಡೂದ ಛಲೋ, ಮುಮ್ತಾಜ್. ಭಾಯಿ ಖೋಲಿ ತಯಾರ ಮಾಡ್ಯಾನ. ನಡಿ, ಊರಿಗಿ ಹೋಗೂಣು. ಗಾಳಿ, ನೀರು, ದಿಕ್ಕು ಅಂತ ಈ ಮುದುಕಿ ಹೇಳೂದೆಲ್ಲಾ ನಮ್ಮ ಮಜಹಬಿಗೂ ಸಲ್ಲೂದಿಲ್ಲ."

ಮುಮ್ತಾಜ್ ಹೇಳಿದಳು, "ಅವ್ರು ನಮಗ ಯಾರ ಮುಂದೂ ಕೈ ಮುಗಿ ಅಂದಿಲ್ಲ, ಆಪಾ. ಕಸಾ ಹೊಡಿ, ಕಿಡಕಿ ತೆರಿ ಅಂತಾರ. ತಪ್ಪಂತೂ ಅಲ್ಲ. ನನ್ನ ಕೈಲೆ ಆಗವಲ್ದು, ಅಷ್ಟ."

ಮಳೆ

ಅದಾಗಿ ಕೆಲವು ದಿನ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಮೇಡಂ ಲಿಮ್ ತೆಂಗಿನ ಕಡ್ಡಿಯ ಕಸಬರಿಗೆ ಹಿಡಿದು ಸ್ಕೂಟರಿನ ಸುತ್ತ ಗುಡಿಸುತ್ತಿದ್ದರು, ಅದನ್ನು ಮುಟ್ಟುತ್ತಿರಲಿಲ್ಲ.

ಆಮೇಲೊಂದು ಮಧ್ಯಾಹ್ನ ಮಳೆ ಬಂತು. ನಮ್ಮ ಕಡೆ ಮಳೆ ಎಂದರೆ ನಾವು ಮುಗಿಲು ನೋಡಿ, ಕಾದು, ಬೇಡಿ ತರಿಸಿಕೊಳ್ಳುವಂಥದ್ದು. ಅಲ್ಲಿಯದು ಕೇಳದೆ ಬಂದು ಮನೆಯ ಮೇಲೆ ಕೂರುವ ಮಳೆ. ಸ್ವಲ್ಪ ಹೊತ್ತಿನಲ್ಲೇ ಹಿತ್ತಲಿನ ಕುಂಡಗಳು ಮುಳುಗತೊಡಗಿ, ನೀರು ಅಡುಗೆಮನೆಯ ಹೊಸ್ತಿಲು ಮುಟ್ಟಿತು. ಗಟಾರದ ಬಾಯಿ ಎಲೆಗಳಿಂದ ಕಟ್ಟಿಕೊಂಡಿತ್ತು. ನಾನು ಕೆಳಗೆ ಓಡಿದೆ. ಮೇಡಂ ಲಿಮ್ ಆಗಲೇ ಹಿತ್ತಲಲ್ಲಿದ್ದರು.

ಮೇಲಿನಿಂದ ಪರದೆ ಹರಿದ ಸದ್ದು ಕೇಳಿತು. ಕಿಟಕಿ ತೆರೆದು ಮುಮ್ತಾಜ್ ಕೂಗಿದಳು, "ಅದನ್ನ ಮುಟ್ಟಬ್ಯಾಡ್ರಿ." ಕನ್ನಡದಲ್ಲೇ ಕೂಗಿದ್ದಳು. ಮೇಡಂ ಲಿಮ್‌ಗೆ ಅರ್ಥವಾಗುವುದಿಲ್ಲ ಎಂಬುದೂ ಅವಳಿಗೆ ಹೊಳೆದಿರಲಿಲ್ಲ.

ಬರಿಗಾಲಲ್ಲಿ ಮೆಟ್ಟಿಲಿಳಿದು ಹಿತ್ತಲ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೇಡಂ ಲಿಮ್ ಸ್ಕೂಟರನ್ನು ಸರಿಸುತ್ತಿರಲಿಲ್ಲ. ಆ ವಯಸ್ಸಿನ ಹೆಂಗಸು ನೀರಿನಲ್ಲಿ ಅಡ್ಡ ಮಲಗಿ, ಕೆನ್ನೆ ಅರ್ಧ ಮುಳುಗಿಸಿ, ಸ್ಕೂಟರಿನ ಕೆಳಗೆ ಕೈ ಚಾಚಿ ಒಂದೊಂದೇ ಹಿಡಿ ಎಲೆ ಎಳೆದು ತೆಗೆಯುತ್ತಿದ್ದರು. ತಾಡಪತ್ರಿ ಜರುಗದಂತೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದಿದ್ದರು. ನಾನು ಅವರ ಪಕ್ಕದಲ್ಲಿ ಮೊಣಕಾಲೂರಿ ಎಲೆಗಳನ್ನು ಆಚೆ ಎಸೆಯುತ್ತಿದ್ದೆ. ತೆಗೆದಷ್ಟೂ ಬರುತ್ತಿತ್ತು.

ಮುಮ್ತಾಜ್ ಹಿಂತಿರುಗಿ ಹೋದಳು. ಸಿಟ್ಟಿನಿಂದ ಹೋದಳೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದಾಗ ಅವಳ ಕೈಯಲ್ಲಿ ಸ್ಕೂಟರಿನ ಚಾವಿಯಿತ್ತು. ತಾಡಪತ್ರಿ ತೆಗೆದಳು. ಹ್ಯಾಂಡಲಿನ ಬೀಗಕ್ಕೆ ಚಾವಿ ಹಾಕಿ ತಿರುವಿದಳು. ಮೊದಲು ತಿರುಗಲಿಲ್ಲ. ಎರಡೂ ಕೈಯಿಂದ ಹಿಡಿದು ತಿರುವಿದಾಗ ಬಿಚ್ಚಿತು.

"ಎಬ್ಬಸ್ರಿ" ಅಂದಳು.

ತುಕ್ಕು ಹಿಡಿದ ಸ್ಟ್ಯಾಂಡು ಕೆಸರಿನಲ್ಲಿ ಹುಗಿದುಕೊಂಡಿತ್ತು. ಮೂವರೂ ಸೇರಿ ಎತ್ತಿದೆವು. ಗಾಳಿ ಹೋದ ಗಾಲಿಗಳನ್ನು ಎಳೆಯುತ್ತ, ಜಾರುತ್ತ, ಹಿಂದಿನ ಪಡಸಾಲೆಗೆ ತಂದು ನಿಲ್ಲಿಸಿದೆವು. ಹಿಂದೆ ಗಟಾರದ ಬಾಯಿ ದೊಡ್ಡದಾಗಿ ಸದ್ದು ಮಾಡಿ ನೀರು ಕುಡಿಯತೊಡಗಿತು.

ಮುಮ್ತಾಜ್ ಗೋಡೆಯ ಬದಿಯ ಕುರ್ಚಿಯ ಮೇಲೆ ಕುಳಿತಳು. ಮಳೆ ಇನ್ನೂ ಸುರಿಯುತ್ತಿತ್ತು. ಒಳಗೆ ಬಾ ಅನ್ನಲು ಹೋದ ನನ್ನನ್ನು ಮೇಡಂ ಲಿಮ್ ತೋಳು ಹಿಡಿದು ತಡೆದರು.

"ಅವ್ರು ಹೋದ ದಿನ ಮುಂಜಾನೆ ಗಾಡಿ ಚಾಲೂ ಆಗ್ಲಿಲ್ಲ, ಆಪಾ" ಎಂದಳು ಮುಮ್ತಾಜ್. "ಭಾಳ ಹೊತ್ತು ಕಿಕ್ ಹೊಡದ್ರು. ನಾ ಮ್ಯಾಲಿನ ಕಿಡಕಿಂದ ನೋಡಾಕತ್ತಿದ್ದೆ. ಇರ್ಲಿ, ನಡಕೊಂತ ಹೋಗ್ತೇನಿ, ಸಂಜಿಕ ಬಂದು ನೋಡ್ತೇನಿ ಅಂದ್ರು. ಚಾವಿ ಮ್ಯಾಲೆ ಒಗದು ಹೋದ್ರು. ನಾ ಹಿಡದೆ."

ಆಮೇಲೆ ಅತ್ತಳು. ಮಣ್ಣಿನ ದಿನವೂ ಅವಳು ಅತ್ತಿರಲಿಲ್ಲವೆಂದು ಅಂಗಡಿಯವರ ಮನೆಯ ಹೆಂಗಸರು ನನಗೆ ಹೇಳಿದ್ದರು.

ಖಾಲಿ ಜಾಗ

ಮರುದಿನದಿಂದ ಅವಳು ಕೆಳಗೆ ಬಂದಳು. ಮೊದಲು ಸ್ಕೂಟರ್ ಒರೆಸಲು ಬಂದಳು. ಆಮೇಲೆ ಒರೆಸಿ ಮುಗಿದ ಮೇಲೂ ಕುಳಿತಳು. ಮೇಡಂ ಲಿಮ್ ಅವಳೊಂದಿಗೆ ಹೆಚ್ಚು ಮಾತಾಡಲಿಲ್ಲ. ಬಿಸಿಲು ಸರಿದಾಗ ಮಾತ್ರ ಬಂದು ಅವಳನ್ನೂ ಕುರ್ಚಿಯನ್ನೂ ಸರಿಸುತ್ತಿದ್ದರು. ಮುಳುಗಿ ಕೊಳೆತ ಗಿಡಗಳನ್ನು ಮೂವರೂ ಕಿತ್ತು, ಹೊಸ ಮಣ್ಣು ತುಂಬಿದೆವು.

ಕೆಲವು ದಿನಗಳ ಮೇಲೆ ಮುಮ್ತಾಜ್ ಓಣಿಯ ತುದಿಯ ಮಲಯ ಮೆಕ್ಯಾನಿಕ್‌ನನ್ನು ತಾನೇ ಹೋಗಿ ಕರೆದುಕೊಂಡು ಬಂದಳು. ರಫೀಕನ ಗೆಳೆಯ ಅವನು. ದುರಸ್ತಿ ಮಾಡಿ ತಂದುಕೊಡಲೇ ಎಂದು ಕೇಳಿದ. ಬೇಡ, ನೀನೇ ಇಟ್ಟುಕೋ, ನಡೆಸು ಎಂದಳು. ಅವನು ಅದನ್ನು ತಳ್ಳಿಕೊಂಡು ಹೋಗುವಾಗ ಅವಳು ಬೀದಿ ಬಾಗಿಲ ತನಕ ಹೋಗಿ ನಿಂತಳು. ನಾನು ಊರಿನಿಂದ ಬಂದ ದಿನ ಮೆಟ್ಟಿಲು ಇಳಿಯದವಳು.

ಸ್ಕೂಟರ್ ನಿಂತಿದ್ದಲ್ಲಿ ಹಾಸುಗಲ್ಲಿನ ಮೇಲೆ ಬಿಳಿಚಿದ ಗುರುತು ಉಳಿದಿತ್ತು. ಅಲ್ಲಿ ಕಿತ್ತಳೆಯ ಕುಂಡ ಇಡಬೇಕೆಂದು ಮೇಡಂ ಲಿಮ್ ಹೊರಟರು. ಸುಮ್ಮನೆ ಬಿಟ್ಟ ಜಾಗಕ್ಕೆ ಬೇಡದ್ದು ಬಂದು ಸೇರುತ್ತದೆ ಎಂಬುದು ಅವರ ನಿಯಮ. ಕುಂಡ ಉರುಳಿಸಿಕೊಂಡು ಅರ್ಧ ದಾರಿ ಬಂದಿದ್ದರು.

"ಸ್ವಲ್ಪ ದಿನ ಹಾಗೇ ಇರಲಿ" ಎಂದಳು ಮುಮ್ತಾಜ್.

ಮೇಡಂ ಲಿಮ್ ಕುಂಡದ ಮೇಲೆ ಕೈಯಿಟ್ಟುಕೊಂಡು ಆ ಗುರುತನ್ನು ನೋಡಿದರು. ಅವರಿಗೆ ಕಷ್ಟವಾಗುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಕುಂಡವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿಸಿಕೊಂಡು ಹೋದರು. ನಾನಿದ್ದಷ್ಟು ದಿನವೂ ಆ ಜಾಗದಲ್ಲಿ ಏನನ್ನೂ ಇಡಲಿಲ್ಲ. ದಿನಾ ಮುಂಜಾನೆ ಗುಡಿಸುತ್ತಿದ್ದರು, ಅಷ್ಟೇ.

ಅದೇ ವಾರ ಮುಮ್ತಾಜ್ ನನಗೆ ಹೇಳಿದಳು. ಇಬ್ಬರೂ ಹಿತ್ತಲಲ್ಲೇ ಕುಳಿತಿದ್ದೆವು.

"ನಾ ಬರೂದಿಲ್ಲ, ಆಪಾ. ಅಂಗಡಿಯವ್ರು ನಮ್ಮವ್ರು ಮಾಡ್ತಿದ್ದ ಕೆಲಸ ನನಗ ಕೊಡ್ತೇವಿ ಅಂದಾರ. ಇರಾಕ ಬೇಕಾದ ಕಾಗದಪತ್ರ ಅವ್ರ ನೋಡ್ಕೋತಾರ. ದ್ರಾಕ್ಷಿ ಕೈಗಿ ಹತ್ತಿದ್ರ ಸಾಕು, ಯಾವ ಮಾಲು ಅಂತ ನನಗ ತಿಳೀತದ."

"ಒಬ್ಬಾಕಿನ ಹೆಂಗ ಇರ್ತೀಯ?"

"ಅಲ್ಲಿ ಬಂದ್ರ ಭಾಯಿ ನನ್ನ ಛಲೋ ನೋಡ್ಕೋತಾನ. ಖೋಲಿ ಛಲೋ ಇರ್ತದ. ಆದ್ರ ನಾ ಖೋಲ್ಯಾಗ ಕುಂತ ಬಿಡ್ತೇನಿ, ಆಪಾ. ಯಾರೂ ಎಬ್ಬಸೂದಿಲ್ಲ. ಪಾಪ, ಆಕಿ ದುಃಖದಾಗ ಅದಾಳ ಅಂತ ಎಲ್ಲಾರೂ ಬಾಗಲಾ ಮುಂದ ಮಾಡಿ ಹೋಗ್ತೀರಿ. ಇಲ್ಲಿ ಈ ಮುದುಕಿ ಬಿಡೂದಿಲ್ಲ. ಮತ್ತ ನಮ್ಮವ್ರ ಮಣ್ಣೂ ಇಲ್ಲೇ ಐತಿ."

ನನ್ನ ಬಳಿ ಉತ್ತರವಿತ್ತು. ಬಂಧುಬಳಗ, ವಯಸ್ಸು, ಜಡ್ಡು, ನಾಳೆ ಎಂಬ ಮಾತುಗಳೆಲ್ಲ ಇದ್ದವು. ಶಿಕ್ಷಕಿಯಾಗಿ ಎಷ್ಟೋ ಮಕ್ಕಳನ್ನು ಮಾತಿನಿಂದಲೇ ದಾರಿಗೆ ತಂದವಳು ನಾನು. ಅವಳ ಮುಖ ನೋಡಿದೆ. ಗಾಳಿಗೆ ಕೂದಲು ಹಾರಿ ಹಣೆಯ ಮೇಲೆ ಬರುತ್ತಿತ್ತು, ಅವಳು ಅದನ್ನು ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. "ಭಾಯಿಗಿ ನೀನ ಹೇಳು" ಅಂದೆ. ಅವಳು ಅಂದೇ ಅಣ್ಣನಿಗೆ ಫೋನ್ ಮಾಡಿ ತಾನೇ ತಿಳಿಸಿದಳು. ಅವನು ಫೋನ್ ಇಟ್ಟುಬಿಟ್ಟ.

ಹೊರಡುವ ದಿನ ನಾವಿಬ್ಬರೂ ರಫೀಕನ ಗೋರಿಗೆ ಹೋಗಿ ಫಾತಿಹಾ ಓದಿ ಬಂದೆವು. ಮೇಡಂ ಲಿಮ್ ನನ್ನನ್ನು ಬೀದಿಯವರೆಗೂ ಬಂದು ಕಳಿಸಿದರು. ಮುಂದಿನ ಸಲ ಒಣ ತಿಂಗಳಲ್ಲಿ ಬಾ, ಆಗ ಹಿತ್ತಲು ಬೇರೆಯೇ ಇರುತ್ತದೆ ಎಂದರು.

ಸೊಲ್ಲಾಪುರ ರಸ್ತೆ

ಮುಂಜಾನೆ ವಿಜಯಪುರದ ಬಸ್ ನಿಲ್ದಾಣದಲ್ಲಿ ಅಣ್ಣ ನಿಂತಿದ್ದ. ನಾನು ಒಬ್ಬಳೇ ಬರುತ್ತೇನೆಂದು ಅವನಿಗೆ ಗೊತ್ತಿತ್ತು. ಆದರೂ ನಾನು ಇಳಿದ ಮೇಲೆ ನನ್ನ ಹಿಂದಿನ ಬಾಗಿಲನ್ನು ಒಮ್ಮೆ ನೋಡಿದ. ಚೀಲ ತೆಗೆದುಕೊಂಡು ಗಾಡಿಯಲ್ಲಿಟ್ಟ.

ಮನೆಗೆ ಹೋಗುವ ಬದಲು ಸೊಲ್ಲಾಪುರ ರಸ್ತೆಗೆ ತಿರುಗಿಸಿ, ತನ್ನ ವರ್ಕ್‌ಶಾಪಿನ ಎದುರಿನ ಚಹಾದಂಗಡಿಯ ಮುಂದೆ ನಿಲ್ಲಿಸಿದ. ಎರಡು ಚಹಾ ಹೇಳಿದ. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ನಾನು ಬೈಗಳಿಗೆ ಸಿದ್ಧಳಾಗಿದ್ದೆ.

"ಜೈಬು, ಆಕಿ ಇರೂ ಮನಿ ಹೊರಗ ಕುಂದ್ರಾಕ ಜಾಗಾ ಐತೇನು?" ಎಂದು ಕೇಳಿದ.

"ಐತಿ. ಛಲೋ ಐತಿ."

"ಗಾಳಿ ಬರ್ತದೇನು?"

"ಬರ್ತದ."

"ಸಂಜಿಕ ಮಾತಾಡಾಕ ಯಾರರೆ ಇರ್ತಾರೇನು?"

"ಇರ್ತಾರ, ಭಾಯಿ. ಜಗಳಾ ಆಡಾಕೂ ಇರ್ತಾರ."

ಅವನು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಕಪ್ಪನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಫೋನ್ ತೆಗೆದು, ಲಾರಿಗಳ ಸದ್ದು ಇಲ್ಲದ ಕಡೆಗೆ ಗೋಡೆಯ ಮರೆಗೆ ಹೋದ. ಫೋನನ್ನು ಕಿವಿಗೆ ಹಿಡಿದ. ಆಮೇಲೆ ಅವನ ದನಿ ಕೇಳಿಸಿತು.

"ಹಲೋ, ಮುಮ್ತಾಜ್. ಊಟಾ ಆತೇನು?"